ಹೊಂಡ ದಾಟಿದ ನಿಂಬೆಹಣ್ಣು

ಹೂಂಗುಡುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಹೆಸರಿಲ್ಲದ ಒಂದು ಸೀಮೆ, ಆ ಸೀಮೆಗೊಬ್ಬ ಗೌಡ, ಆ ಗೌಡನಿಗೊಂದು ಹೊಂಡ. ಪಂಚಮಿ ಬಂತೆಂದರೆ ಅಲ್ಲಿಯ ಗಂಡಸರು ಹೊಂಡದ ದಂಡೆಗೆ ನಿಂತು ನಿಂಬೆಹಣ್ಣು ಎಸೆಯೋರು. ಮೂರೇ ಎಸೆತ. ಹಣ್ಣು ಆಚೆ ದಂಡೆಗೆ ಬಿದ್ದರೆ ಗೆದ್ದ, ಇಲ್ಲದಿದ್ದರೆ ಸೋತ. ಹಬ್ಬದ ದಿನ ಹೆಂಗಸರು ಉಂಡಿ ಕಟ್ಟಿ ಸುಸ್ತಾಗುವಾಗ ಗಂಡಸರಿಗೆ ಮತ್ತೇನು ಕೆಲಸ, ನೀವೇ ಹೇಳಿ?

ಆ ಊರಿನ ಭರಮಣ್ಣನ ರಟ್ಟೆ ಗಟ್ಟಿ, ತಲೆ ಇನ್ನೂ ಗಟ್ಟಿ. "ಹೊಂಡ ದಾಟಿಸ್ತೀನಿ, ಇಲ್ಲಾಂದ್ರ ನಮ್ಮ ಎಮ್ಮಿ ನಿಮ್ಮ ಕೊಟ್ಟಿಗಿಗೆ!" ಅಂತ ಗೌಡನ ಮುಂದೆ ಮೀಸೆ ತಿರುವಿಬಿಟ್ಟ. ಪಣದ ಎಮ್ಮೆಯನ್ನು ದಂಡೆಯ ಗೂಟಕ್ಕೆ ಕಟ್ಟಿದ್ದೇ ತಡ, ಹೆಂಡತಿ ಸಂಕವ್ವ ಅದರ ಪಕ್ಕಕ್ಕೇ ಬಂದು ನಿಂತಳು. ಆ ಮನೆಯಲ್ಲಿ ಎಮ್ಮೆ ಹಾಲು ಕೊಡುತ್ತಿತ್ತು, ಗಂಡ ಬರೀ ಮಾತು ಕೊಡುತ್ತಿದ್ದ.

ಮೊದಲನೇ ಹಣ್ಣು. ಆಚೆ ದಂಡೆಗೇ ಗುರಿಯಿಟ್ಟು ನೆಟ್ಟಗೆ ಬೀಸಿದ. ಸುಂಯ್ ಅಂತ ಹೋಯ್ತು, ಅರ್ಧಕ್ಕೇ ಬಗ್ಗಿತು, ಬುಳುಕ್!

ಸಂಕವ್ವ ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟ ಹತ್ತಿ, ಕವಣೆ ಬೀಸಿ ಹಕ್ಕಿ ಓಡಿಸಿದವಳು. ಯಾವ ಕಲ್ಲು ಎಲ್ಲಿ ಬೀಳುತ್ತದೆಂದು ಅವಳ ಕೈಗೇ ಗೊತ್ತು.

"ಏನ್ರೀ, ನೆಟ್ಟಗ ಒಗೆದ್ರ ನೆಲ ಲಗೂನ ಎಳಕೊಳ್ತೈತಿ. ನೆಲಕ್ಕೂ ನೆತ್ತಿ ಮ್ಯಾಲಿನ ಮುಗಿಲಿಗೂ ನಡುವ ನೋಡಿ ಒಗೀರಿ."

"ನನಗ ಕಲಿಸ್ತೀಯೇನು? ಮ್ಯಾಲಕ್ಕ ಬೇಕಲ್ಲ? ತಗೋ!"

ಎರಡನೇ ಹಣ್ಣು ಆಕಾಶಕ್ಕೆ ಹೋಯ್ತು, ಹೋಯ್ತು, ಹೋಯ್ತು, ಹೋದ ದಾರಿಯಲ್ಲೇ ತಿರುಗಿ ಬಂದು ಗೌಡನ ರುಮಾಲಿನ ಮೇಲೆ ಟಪ್!

"ಇದು ಯಾವ ದಂಡಿಯೋ ಭರಮ್ಯಾ?" ಅಂದ ಗೌಡ.

ಉಳಿದದ್ದು ಒಂದೇ. ಸಂಕವ್ವ ಸರಸರನೆ ತನ್ನ ತಮ್ಮ ಲಗಮನ ಹತ್ತಿರ ಹೋದಳು. ಲಗಮನೆಂದರೆ ಭರಮಣ್ಣನಿಗೆ ಮೈಯೆಲ್ಲಾ ಉರಿ. ಮದುವೆಯ ದಿನ ಮದುಮಗನ ಎಲೆಯಿಂದಲೇ ಹೋಳಿಗೆ ಎಗರಿಸಿದ್ದ ಪುಣ್ಯಾತ್ಮ ಅವನು.

"ಲಗಮಾ, ನೀರಿನ ಮ್ಯಾಲೆ ಚಾಚಿದ ಆ ಆಲದ ಕೊಂಬಿ ಏರು. ಅವರು ನಿಂತಲ್ಲಿಂದ ನೋಡಿದ್ರ ನೆಲಕ್ಕೂ ನೆತ್ತಿಗೂ ಸರೀ ನಡುವ ಐತಿ ಅದು. ಅಲ್ಲಿ ಕುಂತು ನಿಮ್ಮ ಮಾಮಾನ್ನ ಅಣಕಿಸು."

"ಅಕ್ಕಾ, ಹಣ್ಣು ನನಗ ಬಡಿದ್ರ?"

"ಬಡಿಯಂಗಿಲ್ಲ. ಒಗೆದದ್ದು ಹೋಗ್ತಾ ಹೋಗ್ತಾ ಗುರಿಗಿಂತ ಕೆಳಗ ಇಳೀತೈತಿ. ನೀ ಕಾಲಷ್ಟು ಎತ್ಕೋ."

ಲಗಮ ಏರಿದ, ಕೂತ, ಹಲ್ಲು ಕಿಸಿದ. "ಮಾಮಾ, ನಿಂಬಿಹಣ್ಣು ಭಾರ ಆತೇನು? ಸಾಸಿವಿಕಾಳು ತಂದುಕೊಡ್ಲೇನು?"

ಕೇಳ್ತಿದ್ದೀರಾ? ಭರಮಣ್ಣನಿಗೆ ಹೊಂಡ ಮರೆತುಹೋಯ್ತು, ಗೌಡ ಮರೆತುಹೋದ, ಎಮ್ಮೆಯೂ ಮರೆತುಹೋಯ್ತು. ಭಾವಮೈದುನನ ಮೂಗಿಗೇ ಗುರಿಯಿಟ್ಟು, ಇದ್ದ ಕಸುವೆಲ್ಲಾ ಸೇರಿಸಿ ಬೀಸಿದ. ಹಣ್ಣು ಲಗಮನ ಅಂಗಾಲಿನ ಕೆಳಗೆ ಹಾದು, ಏರಿ, ಬಾಗಿ, ಆಚೆ ದಂಡೆಯ ಹುಲ್ಲಿನ ಮೇಲೆ ಪುಟಿಯಿತು.

ಊರಿಗೂರೇ ಕೇಕೆ ಹಾಕಿತು. ಸಂಕವ್ವ ಗೂಟದಿಂದ ಎಮ್ಮೆಯ ಹಗ್ಗ ಬಿಚ್ಚಿಕೊಂಡಳು. ಭರಮಣ್ಣ ಮಾತ್ರ ಹಣೆ ಚಚ್ಚಿಕೊಳ್ಳುತ್ತಿದ್ದ.

"ಥೂ, ಅವನ ಮೂಗು ಗೇಣಿನಾಗ ತಪ್ಪಿತಲ್ಲೋ! ಗೌಡ್ರ, ಕೈಮುಗೀತೀನಿ, ಇನ್ನೊಂದು ಹಣ್ಣು ಕೊಡ್ರಿ!"

ಅವರು ಮಜ್ಜಿಗೆ ಕುಡಿದರು, ನಾವು ಕಥೆ ಕುಡಿದೆವು. ಏಳಿ, ಚಾಪೆ ಮಡಚಿ.