ಐದನೇ ಕಾದಂಬರಿಯ ಕೊನೆ

"ಹಲೋ... ಯಾರು ಮಾತಾಡ್ತಿರೋದು? ... ಹಲೋ? ... ಯಾರು ಬೇಕಿತ್ತು ನಿಮಗೆ? ... ಹಾಂ? ಸ್ವಲ್ಪ ಗಟ್ಟಿಯಾಗಿ ಹೇಳ್ರೀ, ಕೇಳಿಸ್ತಿಲ್ಲ."

ರೈಲ್ವೆ ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ನಿಂತಿದ್ದ ಗೇಟ್‌ಕೀಪರ್ ಹೆಂಗಸು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ನಂಬರು ಅಣ್ಣನದು. ದನಿ ಅವನದಲ್ಲ. ಒಣಗಿದ ತೊಗಟೆ ಕೆರೆದ ಹಾಗಿತ್ತು. ಗಂಡಸಿನದೋ ಹೆಂಗಸಿನದೋ ತಿಳಿಯುವಂತಿರಲಿಲ್ಲ.

"ಅಯ್ಯೋ, ಅತ್ತಿಗೆ! ... ನೀವಾ? ... ಇಲ್ಲ ಇಲ್ಲ, ಗುರುತು ಸಿಗದೆ ಏನು, ಸಿಕ್ತು. ಇಲ್ಲಿ ಗಾಳಿ ಜಾಸ್ತಿ, ಅದಕ್ಕೆ... ಹೂಂ. ಸುಳ್ಳೇ. ಲೆಕ್ಕದ ಟೀಚರ್ ಹತ್ರ ಸುಳ್ಳು ಹೇಳಿ ದಕ್ಕಿಸಿಕೊಂಡೋರು ಯಾರು?"

"... ಏನಂದ್ರಿ? ಆಪರೇಷನ್ ಇವತ್ತೇನಾ? ನಾಳೆ ಬೆಳಿಗ್ಗೆ ಅಂದಿದ್ರಲ್ಲ! ... ಎರಡು ಗಂಟೆಗಾ? ... ಯಾರಂದ್ರು? ... ದೊಡ್ಡ ಡಾಕ್ಟರೇ ಬಂದು ಹೇಳಿದ್ರಾ?"

ಗೋಡೆಯ ಗಡಿಯಾರದಲ್ಲಿ ಒಂದೂ ಕಾಲು. ಅತ್ತಿಗೆಯ ಗಂಟಲಿನ ಗಡ್ಡೆ ತೆಗೆಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿ ಮೂರು ವಾರವಾಗಿತ್ತು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಸಂಜೆ ಆರಕ್ಕೆ ಬದಲಿಯವನು ಬಂದೊಡನೆ ಬಸ್ಸು ಹಿಡಿಯುವುದು, ಅತ್ತಿಗೆಯ ಮಂಚದ ಪಕ್ಕ ಕೂತು ಬೆಳಗಿನವರೆಗೂ ಅವರ ಮಾತು ಕೇಳುವುದು ಎಂದು ಅವಳು ರಜೆ ಬರೆದುಕೊಟ್ಟು, ಚೀಲವನ್ನೂ ಕಟ್ಟಿಟ್ಟಿದ್ದಳು. ಚೀಲ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು.

"ನಾನು ಈಗಲೇ ಹೊರಡ್ತೀನಿ ಅತ್ತಿಗೆ. ... ಹೇಗೆ ಅಂದ್ರೆ... ಹೇಗೋ ಬರ್ತೀನಿ. ... ಗೊತ್ತು. ಗೇಟು ಬಿಟ್ಟು ಬರೋ ಹಾಗಿಲ್ಲ, ಗೊತ್ತು. ಸ್ಟೇಷನ್ ಮಾಸ್ಟರಿಗೆ ಕೇಳ್ತೀನಿ, ಯಾರನ್ನಾದ್ರೂ ಕಳಿಸಿ ಅಂತ ಕಾಲು ಹಿಡ್ಕೋತೀನಿ... ಹೂಂ. ಬಸ್ಸಿಗೇ ಎರಡು ಗಂಟೆ ಬೇಕು. ... ನೀವು ಲೆಕ್ಕ ಹಾಕಬೇಡಿ ಅತ್ತಿಗೆ. ನಿಮ್ಮ ಲೆಕ್ಕ ಯಾವತ್ತು ತಪ್ಪಿದೆ!"

"... ಅಣ್ಣ ಎಲ್ಲಿ? ... ಸಹಿ ಹಾಕೋಕೆ ಹೋದ್ನಾ? ... ಸರಿ, ನೀವು ಮಾತಾಡಿ. ಏನಾದ್ರೂ ಮಾತಾಡಿ, ನಾನು ಬಾಯಿ ಮುಚ್ಕೊಂಡು ಕೇಳ್ತೀನಿ. ... ಹಾಂ? ... ಕಾದಂಬರಿನಾ? ಈಗಾ? ... ಅಲ್ಲ ಅತ್ತಿಗೆ, ತಲೆಗೆ ಬೆಂಕಿ ಬಿದ್ದಿರೋವಾಗ ಯಾರಾದ್ರೂ..."

ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಅನ್ನುತ್ತಾರೆ. ಇವರಿಬ್ಬರೂ ಹಾಗೇ, ಆದರೆ ಕಾದಂಬರಿಗಳ ವಿಷಯದಲ್ಲಿ ಮಾತ್ರ. ಅತ್ತಿಗೆ ಆ ಮನೆಗೆ ಬಂದ ಹದಿನೆಂಟು ವರ್ಷದಿಂದ ಇದೇ ನಡೆದುಬಂದಿತ್ತು. ಅವರು ಮೊದಲು ಓದಿ ಕಟ್ಟು ಕಳಿಸುವುದು, ಇವಳು ಎರಡು ಗಾಡಿಗಳ ನಡುವೆ ಓದುವುದು, ಭಾನುವಾರ ಫೋನಿನಲ್ಲಿ ಜಗಳ. ಹೋದ ತಿಂಗಳ ಐದು ಪುಸ್ತಕಗಳ ಜಗಳ ಆಸ್ಪತ್ರೆಯ ಓಡಾಟದಲ್ಲಿ ಹಾಗೇ ಉಳಿದುಹೋಗಿತ್ತು.

"ಸರಿ, ಸರಿ, ಹಟ ಮಾಡಬೇಡಿ. ಹೇಳ್ತೀನಿ. ಪತ್ತೇದಾರಿದು ಮೊದಲು. ಗಡಿಯಾರದ ಅಂಗಡಿ ಕೊಲೆ. ನಲವತ್ತನೇ ಪುಟಕ್ಕೇ ಹಿಡಿದುಬಿಟ್ಟೆ ನಾನು, ಮಹಡಿ ಮೇಲಿನ ಮುದುಕನೇ ಅಂತ. ಎಲ್ರೂ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ್ರು, ಅವನೊಬ್ಬ ಹೊಸಲಲ್ಲಿ ನಿಂತು ಚಪ್ಪಲಿ ಒರೆಸಿಕೊಂಡ. ಹೆಣ ನೋಡೋಕೆ ಬಂದೋನು ಚಪ್ಪಲಿ ಒರೆಸ್ತಾನಾ? ಆಮೇಲೆ ಆ ಪತ್ತೇದಾರ ಇನ್ನೂರು ಪುಟ ಸುತ್ತಿದ್ದೇ ಸುತ್ತಿದ್ದು, ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ! ... ನಗಬೇಡಿ ಅತ್ತಿಗೆ, ನೋಯುತ್ತೆ. ... ಹೂಂ. ನಗಿ ಬಿಡಿ. ನಗಿ."

ಆ ನಗು ಕೆಮ್ಮಾಗಿ ತಿರುಗಿ, ಕೆಮ್ಮು ನಿಲ್ಲುವವರೆಗೆ ಅವಳು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

"ನೀರು ಕುಡಿದ್ರಾ? ... ಕುಡಿಯೋ ಹಾಗಿಲ್ವಾ? ... ಐತಿಹಾಸಿಕದ್ದಾ? ಅದು ಬಿಡಿ, ರಾಜನ ಕುದುರೆಗೆ ಒಂಬತ್ತು ಪುಟ, ರಾಣಿಗೆ ಒಂದೂವರೆ. ಕುದುರೆ ಕಿವಿ ಹೇಗಿತ್ತು ಅಂತ ಈಗ್ಲೂ ಹೇಳ್ತೀನಿ, ರಾಣಿ ಹೆಸರೇ ಮರೆತೆ. ಆದ್ರೆ ನೀರು ಹೊರೋ ಹೆಂಗಸು ಬರ್ತಾಳಲ್ಲ, ಯುದ್ಧ ಮುಗಿದ ಮೇಲೆ ಹೆಣಗಳ ಕಾಲ್ಬೆರಳು ನೋಡ್ತಾ ನೋಡ್ತಾ ಗಂಡನ್ನ ಹುಡುಕೋಳು... ನಿಮಗೂ ಅಲ್ಲೇನಾ? ... ನಾನು ಅಲ್ಲಿ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತೆ. ಆ ಎರಡು ಪುಟಕ್ಕೆ ಬರೆದೋನ ತಪ್ಪೆಲ್ಲ ಮಾಫ್."

"ದೆವ್ವದ್ದು? ಹೆದರಿಕೇನೇ ಆಗ್ಲಿಲ್ಲ. ದೆವ್ವದ ಮೇಲೇ ಅಯ್ಯೋ ಪಾಪ ಅನ್ನಿಸ್ತು. ಮನೆಯೋರ ಹಿಂದೆ ಹಿಂದೆನೇ ಓಡಾಡುತ್ತೆ, ಏನೋ ಹೇಳೋಕೆ ಹೋಗುತ್ತೆ, ಪಾಪ ಯಾರಿಗೂ ಕೇಳಿ..."

ಅವಳು ನಾಲಿಗೆ ಕಚ್ಚಿಕೊಂಡಳು.

"... ಇಲ್ಲ, ಏನಿಲ್ಲ. ಲೈನ್ ಕಟ್ಟಾಯ್ತು ಅಂದ್ಕೊಂಡೆ. ... ನನ್ನ ಬಾಯಿಗೆ ಬೆಂಕಿ ಹಾಕ. ... ಆಯ್ತು, ಬೈಕೊಳ್ಳಲ್ಲ. ... ಪ್ರೇಮದ್ದು ಬೇಡ ಅತ್ತಿಗೆ. ಅದರಲ್ಲಿ ನಾವು ಒಪ್ಪೋದಿಲ್ಲ. ... ಹೇಳಲೇಬೇಕಾ? ಆ ಹುಡುಗಿ ದಡ್ಡಿ. ಇಡೀ ಪುಸ್ತಕ ತುಟಿ ಬಿಚ್ಚಲ್ಲ. ಒಂದೇ ಒಂದು ಮಾತು ಕೇಳಿದ್ರೆ ಹತ್ತನೇ ಪುಟಕ್ಕೆ ಕತೆ ಮುಗೀತಿತ್ತು. ... ಏನು? ... ಬಸ್ಸಾ? ಯಾವ ಬಸ್ಸು? ... ದಿನಾ ಒಂದು ಸ್ಟಾಪು ಮೊದಲೇ ಇಳೀತಿದ್ಲಾ? ಅವನ ಅಂಗಡಿ ಮುಂದೆ ನಡ್ಕೊಂಡು ಹೋಗೋಕೆ ಅಂತಾನಾ? ... ಅದನ್ನ ನಾನು ಗಮನಿಸ್ಲೇ ಇಲ್ವಲ್ಲ ಅತ್ತಿಗೆ. ... ಅದೇ ಅವಳ ಮಾತು ಅಂತೀರಾ."



"ಸರಿ. ಸೋತೆ. ನೀವು ಹೇಳಿದ್ದೇ ಸರಿ. ... ಯಾಕೆ ಸಿಟ್ಟು? ... ಪಾಪ ಅಂತ ಸೋಲ್ತಿಲ್ಲ, ದೇವರಾಣೆ. ... ಹೂಂ. ಪಾಪ ಅಂತಾನೇ ಸೋತೆ. ತಪ್ಪಾಯ್ತು. ವಾಪಸ್ ತಗೊಂಡೆ. ಅವಳು ದಡ್ಡಿನೇ, ಸಾಯೋವರೆಗೂ ದಡ್ಡಿನೇ ಅಂತೀನಿ. ಈಗ ಸಮಾಧಾನ ಆಯ್ತಾ?"

ಗೋಡೆಯ ಮೇಲಿನ ಇಲಾಖೆಯ ಫೋನು ಬಡಿದುಕೊಂಡಿತು. ಗೂಡ್ಸ್ ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿತ್ತು. ಅವಳು ಮೊಬೈಲನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮಾಸ್ಟರಿಗೆ ಉತ್ತರ ಕೊಟ್ಟು, ಹೊರಗೆ ಬಂದು ಹಿಡಿಕೆ ತಿರುಗಿಸಿದಳು. ಗೇಟಿನ ಎರಡು ತೋಳುಗಳೂ ನಿಧಾನವಾಗಿ ಇಳಿದವು. ಆಚೆ ಒಂದು ಲಾರಿ, ಈಚೆ ಎರಡು ಸೈಕಲ್ ನಿಂತವು.

"ಇದೀನಿ ಅತ್ತಿಗೆ, ಇಡಬೇಡಿ. ಗೇಟು ಹಾಕ್ತಿದ್ದೆ. ... ಐದನೇದಾ? ಆಕಾಶದ್ದು. ಅದು ಮುಗಿದಿಲ್ಲ, ಇನ್ನೂ ಮೂವತ್ತು ಪುಟ ಇದೆ. ... ತುಂಬ ಚೆನ್ನಾಗಿದೆ. ಭೂಮಿಯಿಂದ ಹೊರಟೋರು ಯಾರೂ ಬದುಕಿಲ್ಲ, ಹೊಸ ಲೋಕ ತಲುಪೋರು ಇನ್ನೂ ಹುಟ್ಟಿಲ್ಲ, ಮಧ್ಯ ದಾರೀಲಿ ಹುಟ್ಟಿ ಮಧ್ಯ ದಾರೀಲೇ ಸಾಯೋ ಹುಡುಗಿ. ಆ ಆಕಾಶದ ಹಡಗಿನಲ್ಲಿ ಗಿಡಕ್ಕೆ ನೀರು ಹಾಕೋದೇ ಅವಳ ಕೆಲಸ. ಇಲ್ಲಿ ಗಾಡಿಗಳೆಲ್ಲ ಹೋಗ್ತಾವಲ್ಲ ಅತ್ತಿಗೆ, ಒಂದೂ ನಿಲ್ಲಲ್ಲ. ಅವಳು ನಂಗೆ ಬೇಕಾದೋಳು ಅನ್ನಿಸಿಬಿಟ್ಳು."

"... ಅತ್ತಿಗೆ, ಒಂದು ಕೇಳ್ಲಾ? ಕೊನೆ ನೀವೇ ಹೇಳಿ. ... ಗೊತ್ತು, ಕೊನೆ ಹೇಳೋ ಹಾಗಿಲ್ಲ ಅಂತ ನಾನೇ ಕಾನೂನು ಮಾಡಿದ್ದು. ಇವತ್ತು ಹೇಳಿ. ನಂಗೆ ಅದನ್ನ ಓದೋದು ಬೇಡ. ನಿಮ್ಮ ಬಾಯಲ್ಲೇ ಕೇಳಬೇಕು. ... ಗಂಟಲು ನೋವಿದ್ರೆ ಬೇಡ... ಹೇಳ್ತೀರಾ? ... ಹಾಂ. ಹಾಂ, ಗಿಡಗಳೆಲ್ಲ ಒಣಗ್ತಿವೆ, ಅಲ್ಲೀವರೆಗೂ ಓದಿದೀನಿ..."

ಹಳಿ ಗುಂಯ್‌ಗುಟ್ಟತೊಡಗಿತು. ತಿರುವಿನಲ್ಲಿ ಎಂಜಿನ್ನಿನ ಮೂತಿ ಕಾಣಿಸಿತು. ಅವಳು ಹಸಿರು ಬಾವುಟ ಬಿಚ್ಚಿ ಕೈ ಚಾಚಿ ನಿಂತಳು.

"ಅತ್ತಿಗೆ, ಒಂದು ನಿಮಿಷ ನಿಲ್ಲಿಸಿ... ಗಾಡಿ ಬಂತು... ಅತ್ತಿಗೆ, ಕೇಳಿಸ್ತಾ? ನಿಲ್ಲಿಸಿ, ನಿಲ್ಲಿಸಿ ಅಂದೆ..."

ಎಂಜಿನ್ನು ಕೂಗಿತು. ಅತ್ತಿಗೆ ನಿಲ್ಲಿಸಲಿಲ್ಲ. ಉಳಿದ ಉಸಿರನ್ನೆಲ್ಲ ಆ ಕತೆಗೆ ಸುರಿಯುತ್ತಿದ್ದರು, ಇವಳ ಕೂಗು ಅವರನ್ನು ಮುಟ್ಟಲೇ ಇಲ್ಲ. ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈಯಲ್ಲಿ ಕಿವಿಗೆ ಒತ್ತಿ ಹಿಡಿದ ಫೋನು. ಐವತ್ತೆಂಟು ಡಬ್ಬಿ. ಒಂದೊಂದೂ ಕಬ್ಬಿಣ ಕುಟ್ಟಿಕೊಂಡು ಹೋಯಿತು. ನಡುವೆ ಒಮ್ಮೆ 'ಮಗು' ಅಂದಂತಾಯಿತು, ಅಥವಾ 'ನಗು'. ಬಾವುಟ ಇಳಿಸುವಂತಿಲ್ಲ, ಜಾಗ ಬಿಡುವಂತಿಲ್ಲ. ಕಡೆಯ ಡಬ್ಬಿಯ ಗಾರ್ಡು ಇವಳತ್ತ ಬಾವುಟ ಬೀಸಿ ಹೋದಾಗ ಇವಳ ಕೆನ್ನೆ ಪೂರ್ತಿ ತೊಯ್ದಿತ್ತು.

"... ಹಾಂ ಅತ್ತಿಗೆ. ... ಹಾಂ. ... ಮುಗೀತಾ? ... ಹೇಗಿತ್ತು ಅಂದ್ರೆ... ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು. ... ಏನು ಚೆನ್ನಾಗಿತ್ತು ಅಂದ್ರೆ... ಎಲ್ಲ."

ಪುಸ್ತಕ ಯಾವುದೇ ಇರಲಿ, 'ಎಲ್ಲ ಚೆನ್ನಾಗಿತ್ತು' ಎಂದು ಅವಳು ಹುಟ್ಟಿದಾಗಿನಿಂದ ಹೇಳಿದವಳಲ್ಲ. ಅದು ಅತ್ತಿಗೆಗೂ ಗೊತ್ತಿತ್ತು.

"... ಕೇಳಿಸಲಿಲ್ಲ ಅತ್ತಿಗೆ. ಗಾಡಿ ಬಂತು. ಒಂದು ಮಾತೂ ಕೇಳಿಸಲಿಲ್ಲ. ... ಅಳ್ತಿಲ್ಲ. ... ನಾನೇ ಓದ್ಕೋತೀನಿ, ನೀವು ಸುಸ್ತು ಮಾಡ್ಕೋಬೇಡಿ... ಇನ್ನೊಂದ್ಸಲ ಹೇಳ್ತೀರಾ? ... ನಿಜವಾಗ್ಲೂ? ... ಹಾಂ. ಹೂಂ, ಇಲ್ಲೀಗ ಎಲ್ಲ ನಿಶ್ಶಬ್ದ. ಹೇಳಿ."

"... ಕಿಟಕಿ ಹತ್ರ ಬಂದ್ಲು. ಹಾಂ. ... ಕೈಯಲ್ಲಿ ಒಂದು ಬೀಜ. ... ಯಾರದು, ನರ್ಸಾ? ಬಂದುಬಿಟ್ರಾ? ಇನ್ನೂ ಎರಡು ಗಂಟೆ ಆಗಿಲ್ವಲ್ಲ! ಒಂದು ನಿಮಿಷ ಅನ್ನಿ ಅವರಿಗೆ, ನಾನು ಕೇಳಿದೆ ಅನ್ನಿ, ಫೋನು ಕೊಡಬೇಡಿ... ಹೇಳಿ ಅತ್ತಿಗೆ, ನಾನಿದೀನಿ. ... ಬೀಜನ ಅವಳು ಏನು ಮಾಡಿದ್ಲು? ... ಹಾಂ? ... ಆಮೇಲೆ? ... ಅತ್ತಿಗೆ, ಆಮೇಲೆ?"

ಲೈನು ಕತ್ತರಿಸಿಹೋಗಿತ್ತು. ಗೇಟಿನಾಚೆ ಲಾರಿಯವನು ಹಾರ್ನ್ ಒತ್ತಿ ಹಿಡಿದಿದ್ದ. ಗಾಡಿ ಹೋಗಿ ಆಗಲೇ ಎಷ್ಟೋ ಹೊತ್ತಾಗಿತ್ತು, ಗೇಟು ಇನ್ನೂ ಮುಚ್ಚಿಯೇ ಇತ್ತು.