ಇವತ್ತು ತಿಥಿ ಯಾವುದ್ರಿ?

ಯಾರೋ ಯಾರಿಗೋ ಹೇಳಿದ್ದಲ್ಲ ಇದು. ನಮ್ಮ ದೊಡ್ಡವ್ವನ ಮಗಳು ಶಿವದೇವಿಗೆ ಆಗಿದ್ದು. ಹೈದರಾಬಾದಿನ ತಾರ್ನಾಕದಾಗ, ಹೋದ ಬ್ಯಾಸಿಗ್ಯಾಗ. ನಗಬ್ಯಾಡ್ರಿ... ಪೂರ್ತಿ ಕೇಳಿ ಆಮ್ಯಾಲೆ ನಗ್ರಿ.

ರಾತ್ರಿ ಒಂಬತ್ತೂಕಾಲು ದಾಟಿತ್ತು. ಹಿಮಾಯತ್‌ನಗರದ ಒಂದು ಹಲ್ಲಿನ ದವಾಖಾನಿಯೊಳಗ ಕೆಲಸ ಅಕಿದು, ಬಂದವರ ಹೆಸರು ಬರಕೊಂಡು ಪಾಳಿ ಕೊಡೂದು. ಅವತ್ತು ಮುಚ್ಚೂದು ತಡ ಆತು. ಬಸ್ ಇಳಿದು ಒಬ್ಬಾಕಿನ ಮನಿಕಡೆ ನಡಕೋತ ಹೊಂಟಿದ್ಲು. ಅವರ ಓಣ್ಯಾಗ, ಯುನಿವರ್ಸಿಟಿ ಕಂಪೌಂಡ್ ಗೋಡಿಗೆ ಹತ್ತಿ ಒಂದು ಹಳೇ ಬಾವಿ ಐತಿ. ಮ್ಯಾಲೆ ಕಬ್ಬಿಣದ ಜಾಳಗಿ. ಮಗ್ಗಲಕ ಆಲದ ಗಿಡ. ಹಗಲೊತ್ತು ಗಿಡದ ಕೆಳಗ ಇಸ್ತ್ರಿ ಬಂಡಿ ನಿಂತಿರತೈತಿ. ರಾತ್ರಿ ಅಲ್ಲಿ ಯಾರೂ ಇರಂಗಿಲ್ಲ.

ಅವತ್ತು ಸಂಕಷ್ಟಿ. ಅಕಿದು ಇಪ್ಪತ್ತೊಂದನೇದು, ಕಡೀದು. ಮಗಳು ಮಂದಾರಗ ಫಿಟ್ಸ್ ಬರತಿದ್ವು. ಆರು ವರ್ಷದ ಕೂಸು... ಉಣ್ಣಾಕತ್ತದ್ದು ಹಂಗ ಕಣ್ಣು ಮ್ಯಾಲೆ ಮಾಡಿ ಬೀಳೂದು. ಡಾಕ್ಟರ್ ಗುಳಿಗಿನೂ ನಡದಿದ್ವು, ಇತ್ಲಾಗ ಇಕಿ ಹರಕಿನೂ ಹೊತ್ತಿದ್ಲು. ಮುಂಜಾನಿಂದ ಹನಿ ನೀರು ಕುಡೀದ ಇದ್ದು, ಚಂದ್ರನ್ನ ಕಣ್ಣಿಲೆ ನೋಡಿ, ಅರ್ಘ್ಯ ಬಿಟ್ಟು, ಆಮ್ಯಾಲೆ ಊಟ. ಚಂದ್ರ ಬರೂದಕ್ಕಿಂತ ಮೊದಲ ಬಾಯಾಗ ಒಂದು ಅಗಳು ಹೋದ್ರೂ ಹಿಂದಿನ ಇಪ್ಪತ್ತೂ ಹೋದಂಗ, ಅಂತ ಅಕಿ ತಿಳಕೊಂಡಿದ್ಲು.

ಚಂದ್ರನ ಲೆಕ್ಕ ಅಕಿಗೆ ಬಾಯಿಪಾಠ ಆಗಿಬಿಟ್ಟಿತ್ತು. ರಾಯಚೂರಿಂದ ತಂದ ಕ್ಯಾಲೆಂಡರ್ ಅಡಿಗಿಮನ್ಯಾಗ ತೂಗಹಾಕಿದ್ಲು. ಅದರಾಗಿಂದು ಕಲಬುರಗಿ ಟೈಮು. ಹೈದರಾಬಾದಿಗೆ ಆರೇಳು ನಿಮಿಷ ಕಳೀಬೇಕು. ಗಂಡ ವಿಜಯಕುಮಾರ ಮೊಬೈಲ್ ನೋಡಿ ಹೇಳಾಂವ. ಎರಡೂ ತಾಳೆ ಹಾಕಿ ನೋಡಿ, ಅವತ್ತು ಚಂದ್ರ ಬರೂದು ಒಂಬತ್ತು ನಲವತ್ತೆಂಟಕ್ಕ ಅಂತ ಅಂಗೈಮ್ಯಾಲೆ ಪೆನ್ನಿಲೆ ಬರಕೊಂಡಿದ್ಲು.

ಬಾವಿ ಹತ್ರ ಬಂದ್ಲು. ಓಣಿ ದೀಪ ಕೆಟ್ಟಿತ್ತು. ಟ್ರಾನ್ಸ್‌ಫಾರ್ಮರ್ ಒಂದ ಗುಂಯ್ ಅನ್ನಾಕತ್ತಿತ್ತು. ಅಷ್ಟರಾಗ...

ಟಣ್.

ಸ್ಟೀಲ್ ತಾಟು ಕಲ್ಲಿನ ಮ್ಯಾಲೆ ಇಟ್ಟ ಸಪ್ಪಳ.

ಬಾವಿಕಟ್ಟಿ ಮ್ಯಾಲೆ ಒಬ್ಬ ಹೆಂಗಸು ಕುಂತಿದ್ಲು. ತಲಿತುಂಬ ಸೆರಗು, ಮಾರಿ ಕಾಣವಲ್ದು. ಎದುರು ಮನಿ ಕಿಡಕಿ ಬೆಳಕಿನ್ಯಾಗ ತಾಟು ಅಷ್ಟ ಕಾಣತಿತ್ತು. ಗರಿಕಿ, ಕೆಂಪು ದಾಸಾಳ, ಎರಡು ಕಡಬು. ತುಪ್ಪದ ವಾಸನಿ ಮೂಗಿಗೆ ಬಡೀತು.

"ಸಂಕಷ್ಟಿ ಏನ್ರಿ?"

ಪಿಸುಮಾತು. ಅದೂ ಕನ್ನಡದಾಗ. ಆ ಓಣ್ಯಾಗ ಎಲ್ಲಾರದೂ ತೆಲುಗು, ಕನ್ನಡದವರು ಅಂದ್ರ ಇವರ ಒಂದ ಮನಿ. ಶಿವದೇವಿಗೆ ಅಲ್ಲೇ ಸಂಶೆ ಬಂತು. ಆದ್ರ ಪರದೇಶದಾಗ ನಮ್ಮ ಮಾತು ಕಿವಿಗೆ ಬಿದ್ರ ಕಾಲು ತಾವ ನಿಲ್ತಾವ ನೋಡ್ರಿ.

"ಹೂಂರಿ."

"ಇಪ್ಪತ್ತೊಂದನೇದು."

ಕೇಳಿದ್ದಲ್ಲ... ಹೇಳಿದ್ದು.

"ನಿಮಗ್ಯಾರು ಹೇಳಿದ್ರು?"

"ಚಂದ್ರ ಬಂದಾನ. ನೀರು ಬಿಟ್ಟು ಕಡಬು ತಿನ್ನರಿ. ಮುಂಜಾನಿಂದ ಉಪಾಸ ಅದೀರಿ."

ಶಿವದೇವಿ ಮ್ಯಾಲೆ ನೋಡಿದ್ಲು. ಚುಕ್ಕಿ ಇದ್ವು. ಚಂದ್ರ ಇರಲಿಲ್ಲ. ಮೊಬೈಲ್ ನೋಡಿದ್ಲು. ಒಂಬತ್ತು ಇಪ್ಪತ್ತೆರಡು.

"ಎಲ್ಲಿ ಬಂದಾನರಿ?"

"ಮ್ಯಾಲಲ್ಲ. ಇಲ್ಲಿ."

ಕಿರ್ರ್... ಆ ಹೆಂಗಸು ಜಾಳಗಿ ಎತ್ತಿದ್ಲು. ಒಂದ ಕೈಲೆ. ಕೈತುಂಬ ಗಾಜಿನ ಬಳಿ ಇದ್ವು. ಅಷ್ಟು ಭಾರ ಎತ್ತಿದ್ರೂ ಒಂದು ಬಳಿ ಸಪ್ಪಳ ಇಲ್ಲ.

ಶಿವದೇವಿ ಬಗ್ಗಿ ನೋಡಿದ್ಲು. ಬಾವಿತುಂಬ ನೀರು. ನೀರಾಗ ಚಂದ್ರ. ಹಾಲಿನಂಗ ಬೆಳ್ಳಗ, ದುಂಡಗ. ಅದರ ಬೆಳಕು ಅಕಿ ಮಾರಿಮ್ಯಾಲೆ ಬಿತ್ತು. ಅಕಿಗೆ ಅಳೂ ಬಂತಂತ... ಮುಗೀತು, ಇಪ್ಪತ್ತೊಂದೂ ಮುಗದ್ವು, ನನ್ನ ಕೂಸು ಉಳೀತು, ಅನಿಸಿತಂತ.

"ನೀರು ಬಿಡ್ರಿ." ಆ ಹೆಂಗಸು ತಂಬಿಗಿ ಹಿಡದಿದ್ಲು. ಹಿಡದಿದ್ದೆಲ್ಲಿ ಗೊತ್ತೇನು? ಬಾವಿ ನಟ್ಟನಡುವ. ಕೈ ಅಷ್ಟುದ್ದ ಹೆಂಗ ಹೋತೋ! "ತಗೋರಿ. ಇನ್ನಷ್ಟು ಬಗ್ಗರಿ."

ಎಡಗೈಲೆ ಬಾವಿಕಟ್ಟಿ ಹಿಡಕೊಂಡು, ಬಲಗೈ ತಂಬಿಗಿ ಕಡೆ ಚಾಚಿ ಬಗ್ಗಿದ್ಲು ಶಿವದೇವಿ. ಅರ್ಧ ಬಗ್ಗಿ ನಿಂತ್ಲು.

ಇಪ್ಪತ್ತು ತಿಂಗಳು ಮಾಳಿಗಿಮ್ಯಾಲೆ ನಿಂತು ಈ ಚಂದ್ರನ್ನ ಕಾದಾಕಿ ಅಕಿ. ಹುಣ್ಣಿಮಿ ದಾಟಿ ನಾಕು ದಿನಕ್ಕ ಅಂವ ಒಂದು ಮಗ್ಗಲಾ ಸವದಿರತಾನ, ರೊಟ್ಟಿ ಅಂಚು ಮುರದಂಗ. ಬಾವ್ಯಾಗಿನಾಂವ ಪೂರಾ ದುಂಡಗಿದ್ದ. ಮತ್ತ ಮ್ಯಾಲೆ ಇಲ್ಲದಾಂವ ಕೆಳಗ ಎಲ್ಲಿಂದ ಬಂದ?

ಸಾವಕಾಶ ಕೇಳಿದ್ಲು. "ಅಕ್ಕಾರ... ಇವತ್ತು ತಿಥಿ ಯಾವುದ್ರಿ?"

ಟ್ರಾನ್ಸ್‌ಫಾರ್ಮರ್ ಸಪ್ಪಳ ನಿಂತಿತ್ತು.

"...ಹುಣ್ಣಿಮಿ."

"ಅಲ್ಲರಿ. ಚೌತಿ."

ಕೆಳಗ ನೀರು ಪುಳಕ್ ಅಂತು. ಶಿವದೇವಿ ನೋಡಾಕತ್ತಿದ್ಹಂಗ... ಆ ದುಂಡನ ಚಂದ್ರ ಒಂದು ಮಗ್ಗಲಾ ಸವೆಯಾಕ ಹತ್ತಿದ. ನಿಧಾನಕ. ನೀರಿನೊಳಗಿಂದ ಯಾರೋ ಅಂಗೈಲೆ ಒರಸಿದಂಗ. ಚೌತಿ ಚಂದ್ರ ಎಷ್ಟಿರಬೇಕೋ ಅಷ್ಟಕ್ಕ ನಿಂತ.

"ಈಗ?" ಪಿಸುಮಾತು ಕಿವಿಗೆ ಹತ್ತಿ ಬಂತು. "ಈಗ ಸರಿ ಆತೇನ್ರಿ?"

ಓಡಿದ್ಲು ಶಿವದೇವಿ. ಹಿಂದ ಯಾರೂ ಬರಲಿಲ್ಲ. ಕಾಲಿನ ಸಪ್ಪಳ ಇಲ್ಲ, ಕೂಗಿಲ್ಲ. ಜಾಳಗಿ ಬಿದ್ದ ಸಪ್ಪಳನೂ ಕೇಳಲಿಲ್ಲ. ಅದಕ್ಕ ಭಾಳ ಅಂಜಿಕಿ ಆತು ಅಂತಾಳ.

ಮನಿಗೆ ಬಂದಾಕಿ ಸೀದಾ ಮಾಳಿಗಿಮ್ಯಾಲೆ ಹೋಗಿ ನೀರಿನ ಟಾಕಿಗೆ ಬೆನ್ನು ಕೊಟ್ಟು ಕುಂತ್ಲು. ವಿಜಯಕುಮಾರ ಮಂದಾರನ್ನ ಎತ್ಗೊಂಡು ಮ್ಯಾಲೆ ಬಂದ. ಒಂಬತ್ತು ಐವತ್ತರ ಸುಮಾರು ಕಟ್ಟಡಗಳ ಸಂದ್ಯಾಗ ಕೆಂಪಗ ಚಂದ್ರ ಕಂಡ.

"ಬಂದ ನೋಡು. ಅರ್ಘ್ಯ ಬಿಡು, ಬಾ."

ಅಕಿ ಏಳಲಿಲ್ಲ. ಗಂಡನ್ನ ಮ್ಯಾಲಿಂದ ಕೆಳತನಕ ನೋಡಿದ್ಲು.

"ನೀ ಮೊದಲ ಹೇಳು. ಇವತ್ತು ತಿಥಿ ಯಾವುದು?"

"ಇದೇನು ಹಿಂಗ ಕೇಳ್ತಿ?"

"ಹೇಳು!"

"ಚೌತಿ ಅಲ್ಲೇನು... ಮುಂಜಾನಿಂದ ಉಪಾಸ ಅದಿ, ನಿನಗ ಗೊತ್ತಿಲ್ಲೇನು?"

ಆವಾಗ ಬಿಕ್ಕಿಬಿಕ್ಕಿ ಅತ್ಲು. ಆದ್ರೂ ಒಮ್ಮೆಲೇ ನೀರು ಬಿಡಲಿಲ್ಲ. ಕೂಸಿನ್ನ ಕರದು ಕೇಳಿದ್ಲು, "ಚಂದ್ರ ಹೆಂಗದಾನ ಹೇಳವ್ವ?" ಮಂದಾರ ಬೆರಳು ತೋರಿಸಿ, "ಇಲ್ಲಿ ಸ್ವಲ್ಪ ಇಲ್ಲ" ಅಂತು. ಅದನ್ನ ಕೇಳಿ ಎದ್ದು ಅರ್ಘ್ಯ ಬಿಟ್ಲು. ಉಂಡ ಮ್ಯಾಲೆ ಎಲ್ಲಾ ಹೇಳಿದ್ಲು.

ಮರುದಿನ ವಿಜಯಕುಮಾರ ಬಾವಿಗೆ ಹೋದ. ಇಸ್ತ್ರಿ ಮಾಡೋ ಹುಸೇನಪ್ಪ ಇದ್ದ, ನಾರಾಯಣಪೇಟಿ ಕಡೇಂವ, ಕನ್ನಡ ಬಲ್ಲಾಂವ, ಹಗಲು ಬಂದು ಸಂಜಿಗೆ ಹೋಗಾಂವ. ಜಾಳಗಿಗೆ ಕೀಲಿ ಇತ್ತು, ಜಂಗು ಹಿಡದು ಅಂಟಿಕೊಂಡಿತ್ತು. ಟಾರ್ಚ್ ಬಿಟ್ಟು ನೋಡಿದ್ರು. ಕೆಳಗ ಎಳನೀರ ಚಿಪ್ಪು, ಪ್ಲಾಸ್ಟಿಕ್ ಚೀಲ. ಒಣ ಮಣ್ಣು.

"ಯಾರರ ಬಿದ್ದು ಸತ್ತಿದ್ರೇನಪಾ ಇದರಾಗ?" ಅಂತ ಕೇಳಿದ ವಿಜಯಕುಮಾರ.

"ಮೂವತ್ತು ವರ್ಷ ಆತ್ರಿ ನಾ ಇಲ್ಲಿ ನಿಲ್ಲಾಕತ್ತು," ಅಂದ ಹುಸೇನಪ್ಪ. "ಒಂದು ನಾಯಿ ಸೈತ ಬಿದ್ದಿಲ್ಲ."

ಮತ್ತ ಅಕಿ ಯಾರು? ಗೊತ್ತಿಲ್ಲ. ನನ್ನ ಕೇಳಬ್ಯಾಡ್ರಿ. ಮಂದಾರ ಆರಾಮ ಅದಾಳ, ಅವತ್ತಿಂದ ಫಿಟ್ಸ್ ಬಂದಿಲ್ಲ, ಗುಳಿಗಿನೂ ಬಿಡಿಸಿಲ್ಲ. ಶಿವದೇವಿ ಈಗ ಬ್ಯಾರೆ ಓಣಿ ಸುತ್ತಿ ಬರತಾಳ.

ಇದಾದ ನಾಕನೇ ದಿನಕ್ಕ ಸುದ್ದಿ ಕೇಳಿ ನಾ ಅವರ ಮನಿಗೆ ಹೋಗಿದ್ದೆ. ಹೊರಗ ಕಾಲಿಡಾಕ ಆಗದಂಥ ಬಿಸಲು. ಮಾಳಿಗಿ ಹಗ್ಗದ ಮ್ಯಾಲೆ ಅಕಿ ಅವತ್ತು ಹಾಕ್ಕೊಂಡಿದ್ದ ಜಂಪರು ಒಣಗಹಾಕಿದ್ಲು. ನಾಕು ದಿನದಿಂದ ಅಲ್ಲೇ ಇತ್ತಂತ. ಎಡಗೈ ತೋಳು ಒಣಗಿ ಗರಿಗರಿ ಆಗಿತ್ತು. ಬಲಗೈ ತೋಳು ಹಸಿ ಇತ್ತು. ನಾನ ಹಿಂಡಿ ನೋಡೀನಿ. ಈ ಕೈಲೆ... ನೀರು ಬಂತು.