ಪಕ್ಕದ ಕೋಣೆಯ ಜಪ

“ಹಲೋ... ಹಾಂ, ಹೇಳಿ, ಚರ್ಚಿನ ಸಹಾಯವಾಣಿ. ಯಾರು ಮಾತಾಡ್ತಿರೋದು?... ಹಲೋ? ಕೇಳಿಸ್ತಿದೆಯಾ?... ಹೆಸರು ಬೇಡ ಅಂದ್ರೆ ಬೇಡ ಬಿಡಿ, ಇಲ್ಲಿ ಯಾರೂ ಹೆಸರು ಹೇಳಬೇಕಾಗಿಲ್ಲ...”

ಆ ಕಡೆಯ ದನಿ ಆಡಿದ್ದು ಒಂದೇ ಒಂದು ಮಾತು. ಅಷ್ಟಕ್ಕೇ ಫೋನೆತ್ತಿದ್ದ ದೊಡ್ಡಮ್ಮನಿಗೆ ಗುರುತು ಸಿಕ್ಕಿಬಿಟ್ಟಿತು. ಸಿಗದೆ ಇನ್ನೇನು? ಒಬ್ಬನೇ ಮಗನ ಹೆಂಡತಿ, ಮೊಮ್ಮಗಳು ಪುಟ್ಟಿಯ ತಾಯಿ, ತನ್ನ ಸ್ವಂತ ಸೊಸೆ. ಬೆಳಿಗ್ಗೆ ಎಡಗೈಯಲ್ಲಿ ಕಾಫಿ ತಂದಿಟ್ಟು ಹೋಗಿದ್ದಳು. ಯಾಕೆ ಎಡಗೈ ಅಂತ ದೊಡ್ಡಮ್ಮ ಕೇಳಿರಲಿಲ್ಲ.

“...ಏನಂದ್ರಿ? ನಾನು ಯಾರು ಅಂತಾನಾ? ನಾವೂ ಹೆಸರು ಹೇಳಲ್ಲಮ್ಮ. ಅದು ನಿಯಮ... ಹೌದು, ಗುರುತು ಸಿಕ್ಕಿದ್ರೂ ಹೇಳಬಾರದು... ಮಧ್ಯೆ ಬಾಯಿ ಹಾಕಬಾರದು, ಬುದ್ಧಿ ಹೇಳಬಾರದು, ಹೌದು... ನಾವಾಗೇ ಫೋನ್ ಇಡೋ ಹಾಗಿಲ್ಲ, ಅದೂ ಹೌದು... ಎಲ್ಲಾ ತಿಳ್ಕೊಂಡೇ ಮಾಡಿದ್ದೀರಿ ಅಂತಾಯ್ತು...”

ಚರ್ಚಿನ ಬೆನ್ನಿಗಿರುವ ಕೋಣೆ ಅದು. ಮೊದಲು ಮುರಿದ ಬೆಂಚುಗಳನ್ನು ಪೇರಿಸಿಡುತ್ತಿದ್ದರು. ಈಗ ಒಂದು ಮೇಜು, ಒಂದು ಫೋನು, ಎರಡು ಕಬ್ಬಿಣದ ಕುರ್ಚಿ, ಗೋಡೆಯ ಮೇಲೆ ಮಾತೆ ಮರಿಯಮ್ಮನ ಪಟ. ಗೋಡೆಯಾಚೆ ಗಾಯನ ಮಂಡಳಿಯ ಅಭ್ಯಾಸ ನಡೆದಿತ್ತು. ಹಾಡು ಹೇಳಿಕೊಡುತ್ತಿದ್ದವನು ದೊಡ್ಡಮ್ಮನ ಮಗನೇ. ಎಂಥ ಕಂಠ! ಭಾನುವಾರದ ಪೂಜೆಯಲ್ಲಿ ಅವನು ದನಿಯೆತ್ತಿದರೆ ಕಲ್ಲಿನಂಥ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಡ ಬೇಗ ಹೋದಮೇಲೆ ಆಸ್ಪತ್ರೆಯ ಲಾಂಡ್ರಿಯಲ್ಲಿ ರಕ್ತದ ಚಾದರ ಒಗೆದೊಗೆದು ಆ ಕಂಠವನ್ನು ಸಾಕಿದವಳು ಅವಳು. ಉಳಿದ ಹೊತ್ತೆಲ್ಲ ಊರಿನದು. ಸಾಯುವವರ ಪಕ್ಕ ಕೂತು ಕೈ ಹಿಡಿದಳು, ತಾಯಿಲ್ಲದ ಮಕ್ಕಳ ತಲೆ ಬಾಚಿದಳು, ಜೈಲಿಗೆ ಹೋಗಿ ಕೈದಿಗಳ ಜೊತೆ ಜಪಸರ ಹೇಳಿದಳು. ‘ದೊಡ್ಡಮ್ಮ’ ಅಂತ ಹೆಸರಿಟ್ಟದ್ದು ಊರೇ.

“...ಹಾಂ, ಕೇಳಿಸ್ತಿದೆ. ನಿಮ್ಮ ಗಂಡ... ಹೊಡೀತಾರಾ? ಯಾವಾಗಿಂದ?... ಮದುವೆ ಆದಾಗಿಂದಾನಾ?... ಅಯ್ಯೋ, ಸ್ವಲ್ಪ ಸಿಟ್ಟಿನ ಮನುಷ್ಯ ಇರಬಹುದು, ಹೊರಗೆ ಏನೇನು ತಲೆಬಿಸಿ ಇರತ್ತೋ... ಆಯ್ತು, ಆಯ್ತು. ಬಾಯಿ ಹಾಕಲ್ಲ. ಹೇಳಿ...”

“...ಮನೇಲಿ ದೊಡ್ಡೋರು ಯಾರೂ ಇಲ್ವಾ?... ಅತ್ತೆ ಇದ್ದಾರೆ. ಹಾಂ... ಹೇಗೆ ಅವರು?... ಊರಿಗೆಲ್ಲಾ ಒಳ್ಳೇವರಾ? ಅಂದ್ರೆ?... ಸ್ವರ್ಗದಲ್ಲಿ ಈಗಾಗ್ಲೇ ಟವೆಲ್ ಹಾಕಿ ಸೀಟು ಹಿಡಿದಿಟ್ಟಿದ್ದಾರಾ? ಚೆನ್ನಾಗಿ ಮಾತಾಡ್ತೀರಿ ನೀವು. ಮನೇಲೂ ಇದೇ ನಾಲಿಗೆ ಆಡಿಸಿದ್ರೆ ಯಾವ ಗಂಡಸಿಗೆ ತಾನೇ... ಇಲ್ಲ, ಇಲ್ಲ. ನಾನೇನೂ ಅನ್ಲಿಲ್ಲ...”

“...ಅವರ ಹತ್ರ ಹೇಳ್ಕೊಂಡ್ರಾ?... ಏನಂದ್ರು?... ‘ಎಲ್ಲರಿಗೂ ಒಂದೊಂದು ಶಿಲುಬೆ ಇರತ್ತೆ, ಹೊತ್ಕೋಬೇಕು’... ಹಾಂ... ಏನು? ಈ ಶಿಲುಬೆನ ಹೆತ್ತು ಸಾಕಿದೋರು ಯಾರು ಅಂತಾನಾ?...”

ದೊಡ್ಡಮ್ಮ ಫೋನಿನ ವೈರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಇಟ್ಟುಬಿಡಬಹುದಿತ್ತು. ಲೈನು ಸರಿಯಿರಲಿಲ್ಲ ಅಂದರೆ ಯಾರು ಕೇಳುತ್ತಿದ್ದರು? ಆದರೂ ಕೈ ಕೆಳಗಿಳಿಯಲಿಲ್ಲ. ಇಷ್ಟು ವರ್ಷ ಅಪರಿಚಿತರ ಗೋಳು ಕೇಳಿ ಕೇಳಿ ಕಿವಿಗೆ ಒಂದು ರೂಢಿ ಬಿದ್ದಿತ್ತು. ಆ ರೂಢಿಯೇ ಇವತ್ತು ಅವಳನ್ನು ಕುರ್ಚಿಗೆ ಕಟ್ಟಿಹಾಕಿತ್ತು.

“...ನಿನ್ನೆ ಸಂಜೆ? ಏನಾಯ್ತು ನಿನ್ನೆ ಸಂಜೆ?... ಬಾಗಿಲ ಸಂದಿಗೆ ಕೈ ಇಟ್ಟು... ಬೇಡಮ್ಮ, ಬೇಡ... ಇಲ್ಲ, ಹೇಳಿ. ಹೇಳಿ ಅಂದ್ನಲ್ಲ... ಊದಿದೆ. ನೀಲಿ ಆಗಿದೆ. ಬೆರಳು ಆಡ್ತಿಲ್ಲ... ದೇವರೇ... ಆಗ ನಿಮ್ಮತ್ತೆ ಎಲ್ಲಿದ್ರು?...”

ಬಾಯಿ ತಪ್ಪಿ ಬಂದ ಪ್ರಶ್ನೆ. ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

“...ಪಕ್ಕದ ಕೋಣೇಲಿ... ಜಪಸರ ಹೇಳ್ತಿದ್ರು... ಏಟು ಜೋರಾದ ಹಾಗೆ ಅವರ ಜಪಾನೂ ಜೋರಾಗತ್ತಾ?... ಯಾವಾಗಲೂನಾ?... ಪುಟ್ಟಿ? ಪುಟ್ಟಿ ಏನು ಕೇಳಿದಳು?... ಇನ್ನೊಂದ್ಸಲ ಹೇಳಿ... ‘ಅಜ್ಜಿ ಜಪ ನಿಲ್ಲಿಸಿದ್ರೆ ಅಪ್ಪ ಹೊಡೆಯೋದು ನಿಲ್ಲಿಸ್ತಾನಾ’ ಅಂತ...”

ಗೋಡೆಯಾಚೆ ಒಂದೇ ಸಾಲನ್ನು ಮಗ ಹೆಂಗಸರಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದ. ಎಷ್ಟು ತಾಳ್ಮೆ! ತಪ್ಪಾದರೆ ನಗುತ್ತಿದ್ದ, ಅವರೂ ನಗುತ್ತಿದ್ದರು.

“...ಮೊದಲು ಆ ಮನೆ ಬಿಟ್ಟು ಹೊರಗೆ ಬನ್ನಿ. ಕೈ ತೋರಿಸಿ ಯಾರಿಗಾದ್ರೂ... ಯಾಕಾಗಲ್ಲ?... ಹೊರಗಿಂದ ಬೀಗ... ಬೀಗದ ಕೈ ಯಾರ ಹತ್ರ ಇದೆ?...”

ದೊಡ್ಡಮ್ಮನ ಚೀಲ ಮೇಜಿನ ಮೇಲೇ ಇತ್ತು, ಬೀಗದ ಕೈ ಅದರೊಳಗೆ. ಕೆಲವು ವಾರದ ಹಿಂದೆ ಸೊಸೆ ಮಗುವನ್ನೆತ್ತಿಕೊಂಡು ಬಸ್ ನಿಲ್ದಾಣದ ತನಕ ಹೋಗಿದ್ದಳು. ಮಗ ಎಳೆದುತಂದ. ಆಮೇಲೆ ತಾಯಿಯ ಮಡಿಲಲ್ಲಿ ತಲೆಯಿಟ್ಟು, ಮಾನ ಹೋಗತ್ತಮ್ಮ, ಅಂತ ಅತ್ತ. ಅತ್ತ ಮಗನ ಕಣ್ಣು ಕಂಡಿತೇ ಹೊರತು ಸೊಸೆಯ ಕಣ್ಣು ದೊಡ್ಡಮ್ಮನಿಗೆ ಕಾಣಲಿಲ್ಲ. ಅಂದಿನಿಂದ ಹೊರಡುವಾಗ ಅವಳೇ ಬೀಗ ಹಾಕುತ್ತಿದ್ದಳು. ಕೇಳಿದವರಿಗೆ ಕಳ್ಳರ ಕಾಟ ಅನ್ನುತ್ತಿದ್ದಳು. ಜೈಲಿನ ಬೀಗದ ಸದ್ದಿಗೆ ಕಣ್ಣು ತುಂಬಿಕೊಳ್ಳುತ್ತಿದ್ದ ಹೆಂಗಸು, ತನ್ನ ಮನೆಯ ಬೀಗ ಬಿಗಿಯಾಯಿತೆಂದು ಎಣ್ಣೆ ಬಿಟ್ಟಿದ್ದಳು.

“...ಹಾಂ. ನನ್ನ ಹತ್ರಾನೇ ಇದೆ. ನಾನೇ ಹಾಕಿದ್ದು... ಗೊತ್ತಾಯ್ತು ಕಣೇ, ಮೊದಲ ಮಾತಿಗೇ ಗೊತ್ತಾಯ್ತು. ಗೊತ್ತಿಲ್ಲದ ಹಾಗೆ ಕೂತಿದ್ದೆ... ಹೌದು. ಮನೇಲಿ ಹೇಳಿದ್ರೆ ಎದ್ದು ಹೋಗ್ತಿದ್ದೆ. ಅದಕ್ಕೇ ಇಲ್ಲಿಗೆ ಮಾಡಿದೆಯಾ?... ನಾನೇನೂ ಅಳ್ತಿಲ್ಲ, ನೆಗಡಿ. ಯಾವ ಫೋನು ಇದು? ನಿನ್ನದನ್ನ ಅವನು ಕಿತ್ಕೊಂಡಿದ್ದನಲ್ಲ... ನನ್ನ ಹಳೇ ಬಟನ್ ಫೋನಾ? ಅದಕ್ಕೆ ಇನ್ನೂ ಜೀವ ಇದೆಯಾ?... ಚಾರ್ಜರ್ ಹುಡುಕಬೇಡ, ಸಿಗಲ್ಲ. ಯಾರಿಗೋ ದಾನ ಮಾಡ್ಬಿಟ್ಟೆ. ನನ್ನ ಧರ್ಮಬುದ್ಧಿ ಗೊತ್ತಲ್ಲ...”

“...ಏನಂದ?... ಇವತ್ತು ಬಂದು ಇನ್ನೊಂದು ಕೈ ನೋಡ್ಕೋತೀನಿ ಅಂದನಾ? ಪುಟ್ಟಿ ಎದುರಿಗೇ?... ನನ್ನ ಮಗ ಹಾಗಂದನಾ?... ಇಲ್ಲೇ ಇದ್ದಾನೆ, ಹಾಡಿಸ್ತಿದ್ದಾನೆ. ಇನ್ನೇನು ಮುಗೀತಾ ಬಂತು. ತಡಿ. ಫೋನ್ ಇಡಬೇಡ. ತಡಿ... ಸಿಸ್ಟರ್! ಸಿಸ್ಟರ್, ಬೇಗ ಬನ್ನಿ ಇಲ್ಲಿ!”

ಅಂಗಳದ ಆಚೆ ಬದಿಯಲ್ಲಿ, ಮನೆ ಬಿಟ್ಟು ಬಂದ ಹೆಂಗಸರಿಗಾಗಿ ಒಂದು ಆಶ್ರಯದ ಮನೆ ನಡೆಸುತ್ತಿದ್ದ ಸಿಸ್ಟರ್ ಆಕೆ. ದೊಡ್ಡಮ್ಮ ಆ ಮನೆಗೆ ಕಳಿಸಿದ ಹೆಂಗಸರಿಗೆ ಲೆಕ್ಕವೇ ಇರಲಿಲ್ಲ. ಒದ್ದೆ ಕೈಯನ್ನು ಉಡುಪಿಗೆ ಒರೆಸಿಕೊಳ್ಳುತ್ತ ಓಡಿಬಂದರು.

“ವ್ಯಾನ್ ತೆಗೀರಿ ಸಿಸ್ಟರ್. ಒಬ್ಬಳು ಹೆಂಗಸು, ಒಂದು ಮಗು. ಕೈ ಮುರಿದಿದೆ. ಮೊದಲು ಆಸ್ಪತ್ರೆ, ಆಮೇಲೆ ನಿಮ್ಮಲ್ಲಿ ಜಾಗ ಕೊಡಿ. ತಗೊಳ್ಳಿ, ಬೀಗದ ಕೈ... ಯಾರ ಮನೆಗಾ?... ನಮ್ಮನೆಗೇ, ಸಿಸ್ಟರ್... ಹಾಗೆ ನೋಡ್ತಾ ನಿಲ್ಲಬೇಡಿ, ದಮ್ಮಯ್ಯ. ಆಮೇಲೆ ಎಷ್ಟು ಬೇಕಾದ್ರೂ ಉಗೀರಿ. ಹೋಗಿ!”

“...ಹಲೋ? ಕೇಳಿಸ್ತಾ? ಸಿಸ್ಟರ್ ಹೊರಟ್ರು. ಬಾಗಿಲ ಹತ್ರಾನೇ ನಿಂತಿರು. ಬಟ್ಟೆಗಿಟ್ಟೆ ಏನೂ ಬೇಡ. ಪುಟ್ಟಿ ಕಾಲಿಗೆ ಚಪ್ಪಲಿ ಹಾಕು... ನಾನಾ? ನಾನು ಬರಲ್ಲ. ಈ ಮಂಡಿ ಎಳ್ಕೊಂಡು ಬರೋದ್ರೊಳಗೆ ಅವನು ಮೂರು ಸಲ ಹೋಗಿ ಬಂದಿರ್ತಾನೆ. ಅವನನ್ನ ಇಲ್ಲಿ ಯಾರಾದ್ರೂ ಹಿಡ್ಕೋಬೇಕಲ್ಲ... ಯಾವತ್ತೂ ಕ್ಷಮಿಸಲ್ವಾ?... ಸರಿ. ಕ್ಷಮಿಸಬೇಡ. ನಾನೇನು ಅದನ್ನ ಕೇಳಿದ್ನಾ?...”

ಹಾಡು ನಿಂತಿತು. ಹಾರ್ಮೋನಿಯಂ ಮುಚ್ಚಿದ ಸದ್ದಾಯಿತು. ಮಗ ಬಂದು ಬಾಗಿಲಲ್ಲಿ ನಿಂತು, ಹೊರಡೋಣವಾ ಅಂತ ಹುಬ್ಬಲ್ಲೇ ಕೇಳಿದ. ಮನೆಯ ಇನ್ನೊಂದು ಬೀಗದ ಕೈ ಅವನ ಜೇಬಿನಲ್ಲಿತ್ತು. ದೊಡ್ಡಮ್ಮ ಎದುರಿನ ಕುರ್ಚಿ ತೋರಿಸಿದಳು. ಫೋನು ಮಾಡಿದವರು ಇಡುವ ತನಕ ನಾವು ಇಡಬಾರದು ಅಂತ ಚರ್ಚಿನ ಸಮಿತಿಯಲ್ಲಿ ಕೂತು ಪಾಸು ಮಾಡಿಸಿದವನು ಅವನೇ. ಕೂತ.

“...ಹಾಂ, ಹೇಳಿಯಮ್ಮ. ನಿಧಾನಕ್ಕೆ ಹೇಳಿ, ಇಲ್ಲಿ ಯಾರಿಗೂ ಅವಸರ ಇಲ್ಲ... ಹಲೋ?... ಹಲೋ?”

ಕಿವಿಯಲ್ಲಿ ಒಂದು ಸಣ್ಣ ಸದ್ದು, ಆಮೇಲೆ ಉದ್ದಾನುದ್ದ ಕೂಗು. ಹಳೇ ಫೋನಿನ ಜೀವ ಹೋಗಿತ್ತು. ಆ ಮನೆಯ ಬಾಗಿಲು ತೆರೆಯಿತೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಕೂಗು ಅವನಿಗೆ ಕೇಳದ ಹಾಗೆ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

“...ಹಾಂ, ಈಗ ಕೇಳಿಸ್ತಿದೆ... ಆಮೇಲೆ?... ಹೌದಾ?... ನಿಮ್ಮ ತಾಯಿ ಏನಂತಾರೆ?...”

ಮಗ ಕಾಲು ಅಲ್ಲಾಡಿಸಿದ. ಗಡಿಯಾರ ನೋಡಿದ. ನೀನು ಆಮೇಲೆ ಬಾ ಅಂತ ಸನ್ನೆ ಮಾಡಿ ಎದ್ದ. ವ್ಯಾನು ಇನ್ನೂ ಪೇಟೆಯ ಬೀದಿಯನ್ನೂ ದಾಟಿರಲಿಕ್ಕಿಲ್ಲ. ಅವನು ಹೊಸ್ತಿಲ ಮೇಲೆ ಕಾಲಿಟ್ಟ.

“...ಏನು? ಪೊಲೀಸರು ಬಂದ್ರಾ? ಕೊಡಿ ಅವರ ಕೈಗೆ... ಹಾಂ, ನಮಸ್ಕಾರ ಸಾರ್. ನಾನು ಅವಳ ಅತ್ತೆ... ಹೌದು, ಬರ್ಕೊಳ್ಳಿ. ಹೊಡೆದೋನು ನನ್ನ ಮಗ. ಬೀಗ ಹಾಕಿದೋಳು ನಾನು. ಇಬ್ಬರದ್ದೂ ಬರ್ಕೊಳ್ಳಿ...”

ಹೊಸ್ತಿಲ ಮೇಲಿನ ಕಾಲು ಅಲ್ಲೇ ನಿಂತಿತು. ಮಗ ತಿರುಗಿದ. ಮನೆಯೊಳಗೆ ಮಾತ್ರ ಕಾಣುತ್ತಿದ್ದ ಆ ಮುಖವನ್ನು ದೊಡ್ಡಮ್ಮ ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅವನು ಮೇಜಿನ ಕಡೆಗೆ ಬಂದ. ಅವಳು ಅವನಿಂದ ಕಣ್ಣು ಕೀಳಲಿಲ್ಲ, ಕೂಗುತ್ತಲೇ ಇದ್ದ ಫೋನನ್ನು ಕಿವಿಯಿಂದ ತೆಗೆಯಲೂ ಇಲ್ಲ.

“...ಇಲ್ಲ ಸಾರ್, ಎಲ್ಲೂ ಓಡಿಹೋಗಿಲ್ಲ. ಇಲ್ಲೇ ಇದ್ದಾನೆ. ನನ್ನ ಎದುರಿಗೇ ನಿಂತಿದ್ದಾನೆ...”